ಕನ್ಸೋಲ್ ಬಿಟ್ಟುಕೊಡುವ ಕ್ರಮ: ರೋಬಾಟ್ ನೆರವಿನ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಕಲಿಸುವವರಿಗೆ

ನಿಮ್ಮ ಆಸ್ಪತ್ರೆಗೆ ರೋಬಾಟ್ ಬಂದು ಕೆಲವು ವರ್ಷಗಳಾಗಿವೆ, ನಿಮ್ಮ ಕೈ ಪಳಗಿದೆ. ಈಗ ಎಂ.ಸಿಎಚ್. (ಶಸ್ತ್ರಚಿಕಿತ್ಸೆಯ ಉನ್ನತ ಪದವಿ) ಮುಗಿಸಿ ಫೆಲೋಶಿಪ್ಪಿಗೆ, ಅಂದರೆ ಪದವಿಯ ನಂತರದ ತರಬೇತಿಗೆ, ಸೇರಿದ ಯುವ ವೈದ್ಯರೊಬ್ಬರು ಬಂದು ಕೇಳುತ್ತಾರೆ: “ಮೇಡಂ, ನನಗೆ ಕನ್ಸೋಲ್ ಯಾವಾಗ ಸಿಗುತ್ತದೆ?” ಕನ್ಸೋಲ್ ಎಂದರೆ ಶಸ್ತ್ರಚಿಕಿತ್ಸಕರು ಕುಳಿತು ರೋಬಾಟಿನ ತೋಳುಗಳನ್ನು ನಡೆಸುವ ಪೀಠ. ಅವರಿಗೆ ಉತ್ತರ ಹೇಳಬೇಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಲಿಯುವವರಿಗೆ ಪುಸ್ತಕಗಳು, ವಿಡಿಯೊಗಳು, ಕೋರ್ಸುಗಳು ಬೇಕಾದಷ್ಟಿವೆ. ಕಲಿಸುವವರನ್ನು ಮಾತ್ರ ನಾವು ಹುಟ್ಟಿನಿಂದಲೇ ಬಲ್ಲವರೆಂದು ಭಾವಿಸಿ ಬಿಟ್ಟುಬಿಟ್ಟಿದ್ದೇವೆ.

ನಾನು ಬೆಂಗಳೂರಿನಲ್ಲಿ ಮೂತ್ರರೋಗ ಶಸ್ತ್ರಚಿಕಿತ್ಸಕಿ. ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕಲಿತೆ, ನಡುವಯಸ್ಸಿನಲ್ಲಿ ರೋಬಾಟ್ ಹಿಡಿದೆ. ಈಗ ಬಹುಪಾಲು ದಿನ ಬೇರೆಯವರ ಕೈಗಳನ್ನು ನೋಡುತ್ತಾ ಕೂರುವುದೇ ನನ್ನ ಕೆಲಸ. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಇಡೀ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ. ನಮ್ಮ ವಿಭಾಗದಲ್ಲಿ ರೋಬಾಟ್ ಬೇರೂರಿದ್ದು ಅದರಿಂದಲೇ. ಕಿರಿದಾದ ಸೊಂಟದ ಮೂಳೆಗಳ ಆಳದಲ್ಲಿ, ರಕ್ತನಾಳಗಳ ಬಲೆಯ ಹಿಂದೆ, ಮೂತ್ರ ಹಿಡಿಯುವ ಸ್ನಾಯುವಿಗೂ ನಿಮಿರುವಿಕೆಯ ನರಗಳಿಗೂ ಅಂಟಿಕೊಂಡೇ ಕುಳಿತ ಗ್ರಂಥಿ ಅದು.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಶಸ್ತ್ರಚಿಕಿತ್ಸೆ ಯಾವ ಕ್ರಮದಲ್ಲಿ ನಡೆಯುತ್ತದೆಯೋ ಆ ಕ್ರಮದಲ್ಲಿ ಅದನ್ನು ಕಲಿಸಬೇಡಿ. ತಪ್ಪಿದರೆ ಸುಲಭವಾಗಿ ಸರಿಪಡಿಸಬಹುದಾದ ಹಂತವನ್ನು ಮೊದಲು ಬಿಟ್ಟುಕೊಡಿ. ತಪ್ಪಿದರೆ ಯಾರಿಂದಲೂ ಸರಿಪಡಿಸಲಾಗದ ಹಂತವನ್ನು ಕಟ್ಟಕಡೆಗೆ ಬಿಟ್ಟುಕೊಡಿ. ಮಿಕ್ಕ ಸೂಚನೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಯಂತ್ರದ ತರಬೇತಿ ಬೇರೆ, ಶಸ್ತ್ರಚಿಕಿತ್ಸೆಯ ತರಬೇತಿ ಬೇರೆ

ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ, ಡಾ ವಿಂಚಿ ಎಂಬ ಶಸ್ತ್ರಚಿಕಿತ್ಸೆಯ ರೋಬಾಟಿಗೆ ಅನುಮತಿ ಕೊಟ್ಟದ್ದು 2000ದಲ್ಲಿ. ಅದೇ ವರ್ಷ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಭಾರತ ಮೂಲದ ಮಣಿ ಮೆನನ್ ಅವರು ಪ್ಯಾರಿಸ್‌ನಿಂದ ಗಿಯೊನೊ ಮತ್ತು ವಲಾನ್ಸಿಯೆನ್ ಎಂಬ ಇಬ್ಬರು ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ತಜ್ಞರನ್ನು ಕರೆಸಿ ತಮ್ಮ ವಿಭಾಗಕ್ಕೆ ಪಾಠ ಹೇಳಿಸಿದರು. ಆಗಲೇ ಹೆಸರಾಗಿದ್ದ ವಿಭಾಗದ ಮುಖ್ಯಸ್ಥರೊಬ್ಬರು ಹೀಗೆ ವಿದ್ಯಾರ್ಥಿಯಾಗಿ ನಿಂತರು, ಆಮೇಲೆ ರೋಬಾಟಿಗೆ ಹೊರಳಿದರು. ಹಿರಿತನ ಇದ್ದವರು ನೇರವಾಗಿ ಕನ್ಸೋಲ್ ಮೇಲೆ ಕೂರಬಹುದು ಎನ್ನುವ ಸಹೋದ್ಯೋಗಿಗಳಿಗೆ ನಾನು ಈ ಸಂಗತಿಯನ್ನು ನೆನಪಿಸುತ್ತೇನೆ.

ಯಂತ್ರ ಮಾರುವ ಕಂಪನಿ ಕೊಡುವ ತರಬೇತಿ ಯಂತ್ರದ್ದು: ತೋಳುಗಳನ್ನು ಜೋಡಿಸುವುದು, ಪೆಡಲ್‌ಗಳ ಪರಿಚಯ, ದೋಷ ಸೂಚನೆ ಬಂದರೆ ಏನು ಮಾಡಬೇಕು ಇತ್ಯಾದಿ. ಅದು ಬೇಕು. ಆದರೆ ಆ ಪ್ರಮಾಣಪತ್ರ ನೋಡಿ ರೋಗಿಯನ್ನು ಒಪ್ಪಿಸಬೇಡಿ. ಯುರೋಪಿನ ಮೂತ್ರರೋಗ ಸಂಘದ ರೋಬಾಟಿಕ್ ವಿಭಾಗ ಒಂದು ಪಠ್ಯಕ್ರಮ ರೂಪಿಸಿದೆ. ಮೊದಲು ಓದು, ಆಮೇಲೆ ಸಿಮ್ಯುಲೇಟರ್ (ರೋಗಿಯಿಲ್ಲದೆ ಪರದೆಯ ಮೇಲೆ ಅಭ್ಯಾಸ ಮಾಡುವ ಸಾಧನ) ಮತ್ತು ಪ್ರಯೋಗಾಲಯದ ಒಂದು ಬಿಗಿಯಾದ ವಾರ, ಬಳಿಕ ಗುರುವಿನ ಆಸ್ಪತ್ರೆಯಲ್ಲಿ ಹಂತಹಂತವಾಗಿ ಕನ್ಸೋಲ್ ಕೆಲಸ, ಕೊನೆಗೆ ಪೂರ್ತಿ ಶಸ್ತ್ರಚಿಕಿತ್ಸೆಯ ವಿಡಿಯೊವನ್ನು, ಮಾಡಿದವರ ಹೆಸರು ತಿಳಿಯದ ಪರೀಕ್ಷಕರು ನೋಡಿ ಅಂಕ ಕೊಡುವುದು. ಮೊದಲ ಪ್ರಯೋಗ 12 ವಾರಗಳದ್ದಾಗಿತ್ತು, ಆಮೇಲೆ ಆರು ತಿಂಗಳಿಗೆ ಬೆಳೆಯಿತು. ನಮ್ಮಲ್ಲಿ ವಟ್ಟಿಕುಟಿ ಪ್ರತಿಷ್ಠಾನ ಒಂದು ವರ್ಷದ ರೋಬಾಟಿಕ್ ಫೆಲೋಶಿಪ್‌ಗಳನ್ನು ಕೊಡುತ್ತದೆ. ನನ್ನ ಕೇಳಿದರೆ ಒಂದು ವರ್ಷವೇ ಸರಿಯಾದ ಅಳತೆ. ಅದಕ್ಕಿಂತ ಕಡಿಮೆ ಸಮಯದಲ್ಲಿ ಒಳ್ಳೆಯ ಕೈ ಸಿಗಬಹುದು, ವಿವೇಚನೆ ಸಿಗುವುದು ಕಷ್ಟ.

ಮೊದಲು ರೋಗಿಯ ಪಕ್ಕ

ಫೆಲೋ ಬಂದ ಮೊದಲ ತಿಂಗಳುಗಳಲ್ಲಿ ಅವರ ಜಾಗ ರೋಗಿಯ ಪಕ್ಕ. ಅವರು ಮುಖ ಸಣ್ಣದು ಮಾಡಿಕೊಂಡರೆ ಮಾಡಿಕೊಳ್ಳಲಿ. ಕನ್ಸೋಲ್‌ನಲ್ಲಿ ಕುಳಿತವರಿಗೆ ಕಾಣುವುದು ಹೊಟ್ಟೆಯ ಒಳಗು ಮಾತ್ರ. ಹೊರಗೆ ಒಂದು ತೋಳು ಇನ್ನೊಂದಕ್ಕೆ ತಾಗುತ್ತಿದೆಯೇ, ತೋಳಿನ ಮೊಣಕೈ ರೋಗಿಯ ತೊಡೆಯ ಮೇಲೆ ಒತ್ತುತ್ತಿದೆಯೇ ಎಂಬುದು ಅವರಿಗೆ ಗೊತ್ತಾಗದು. ಪಕ್ಕದಲ್ಲಿ ನಿಂತು ಕಲಿತವರಿಗೆ ಮಾತ್ರ ಮುಂದೆ ಕನ್ಸೋಲ್‌ನಿಂದಲೇ ಆ ದೃಶ್ಯ ಮನಸ್ಸಿನಲ್ಲಿ ಮೂಡುತ್ತದೆ.

ಇಲ್ಲಿ ಅವರು ಕಲಿಯಬೇಕಾದದ್ದನ್ನು ಗಟ್ಟಿಯಾಗಿ ಕೇಳಿ, ಮಾಡಿಸಿ ನೋಡಿ. ಡಾ ವಿಂಚಿಯ ಎಕ್ಸ್‌ಐ ಮಾದರಿಯಲ್ಲಿ ಪೋರ್ಟ್‌ಗಳು, ಅಂದರೆ ಉಪಕರಣ ಒಳಹೋಗುವ ರಂಧ್ರಗಳು, ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ಒಂದರಿಂದೊಂದು ಸುಮಾರು 8 ಸೆಂ.ಮೀ. ದೂರದಲ್ಲಿ ಬರಬೇಕು. ಅಳತೆಯನ್ನು ಹೊಟ್ಟೆಗೆ ಗಾಳಿ ತುಂಬಿದ ಮೇಲೆಯೇ ಹಾಕಬೇಕು, ಮೊದಲಲ್ಲ. ರಂಧ್ರದಲ್ಲಿ ಕೂರಿಸುವ ಕೊಳವೆಯಾದ ಕ್ಯಾನುಲಾದ ಮೇಲಿನ ದಪ್ಪ ಕಪ್ಪು ಪಟ್ಟಿ ಹೊಟ್ಟೆಯ ಗೋಡೆಯೊಳಗೆ ಇರಬೇಕು. ಯಂತ್ರ ತಿರುಗುವ ಬಿಂದು ಅದು, ಅಲ್ಲಿಂದ ಜರುಗಿದರೆ ತೋಳು ಪ್ರತಿ ಚಲನೆಯಲ್ಲೂ ಚರ್ಮವನ್ನು ಎಳೆಯುತ್ತದೆ. ಸಹಾಯಕರು ಹೀರುಕೊಳವೆ ಹಿಡಿಯುವುದು, ಕ್ಲಿಪ್ ಹಾಕುವುದು, ಸೂಜಿಯನ್ನು ಕಣ್ಣಿಗೆ ಕಾಣುವಂತೆಯೇ ಒಳಗೆ ಕಳುಹಿಸಿ ಎಣಿಸಿ ಹೊರಗೆ ತೆಗೆಯುವುದು, ಇವೆಲ್ಲ ಅವರೇ ಮಾಡಲಿ.

ರೋಗಿಯನ್ನು ಮಲಗಿಸುವ ಕೆಲಸವನ್ನು ಸಿಸ್ಟರ್ ಮೇಲೆ ಬಿಟ್ಟು ಕಾಫಿಗೆ ಹೋಗುವ ಫೆಲೋಗಳನ್ನು ನಾನು ಬಲ್ಲೆ. ಅವರನ್ನು ವಾಪಸ್ ಕರೆಸಿ. ತಲೆ ಕೆಳಗಾಗಿ 25ರಿಂದ 30 ಡಿಗ್ರಿ ಇಳಿಜಾರಿನಲ್ಲಿ ಗಂಟೆಗಟ್ಟಲೆ ಮಲಗುವ ಮನುಷ್ಯನ ಭುಜ, ಮೊಣಕೈ, ಮೀನಖಂಡಗಳಿಗೆ ಮೆತ್ತೆ ಇದೆಯೇ, ಕಣ್ಣು ಸರಿಯಾಗಿ ಮುಚ್ಚಿದೆಯೇ, ಜಾರದಂತೆ ಹಿಡಿದಿದ್ದಾರೆಯೇ ಎಂದು ನೋಡುವುದು ಶಸ್ತ್ರಚಿಕಿತ್ಸಕರ ಹೊಣೆ. ಈ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಆದ್ದರಿಂದ ಗ್ಲಾಕೋಮಾ ಇದೆಯೇ ಎಂದು ಹಿಂದಿನ ದಿನವೇ ಕೇಳಿರಬೇಕು. ಕಲಿಯುವವರ ನಿಧಾನಕ್ಕೆ ಬೆಲೆ ತೆರುವವನು ತಲೆಕೆಳಗಾಗಿ ಮಲಗಿದವನು ಎಂಬುದು ಈ ಕೆಲಸ ಮಾಡಿದಾಗಲೇ ಅವರಿಗೆ ಹೊಳೆಯುವುದು.

ಇನ್ನೊಂದು ಅಭ್ಯಾಸವನ್ನು ತಪ್ಪಿಸಬೇಡಿ: ತುರ್ತಾಗಿ ರೋಬಾಟನ್ನು ಕಳಚುವ ಅಭ್ಯಾಸ. ಅರಿವಳಿಕೆ ತಜ್ಞರು “ಹೃದಯ ನಿಂತಿದೆ” ಎಂದ ಕ್ಷಣ ಯಾರು ಉಪಕರಣ ಹೊರತೆಗೆಯುತ್ತಾರೆ, ಯಾರು ತೋಳುಗಳನ್ನು ಬಿಡಿಸುತ್ತಾರೆ, ಯಾರು ಅನಿಲ ನಿಲ್ಲಿಸುತ್ತಾರೆ, ಮೇಜನ್ನು ಸಮತಟ್ಟಿಗೆ ತರುವವರು ಯಾರು? ಉಪಕರಣದ ಬಾಯಿ ಅಂಗಾಂಶವನ್ನು ಕಚ್ಚಿಕೊಂಡೇ ಯಂತ್ರ ಸ್ತಬ್ಧವಾದರೆ ಬಾಯಿ ಬಿಡಿಸುವ ಪುಟ್ಟ ಕೀಲಿ ಎಲ್ಲಿದೆ? ಗೊಂಬೆಯೊಂದನ್ನು ಮಲಗಿಸಿ, ಗಡಿಯಾರ ಇಟ್ಟು, ಇಡೀ ತಂಡದಿಂದ ಮಾಡಿಸಿ. ಹೊಸ ಸಿಸ್ಟರ್ ಸೇರಿದಾಗಲೆಲ್ಲ ಮತ್ತೆ ಮಾಡಿಸಿ. ಕೀಲಿ ಎಲ್ಲಿದೆ ಎಂದು ಕೇಳಿದಾಗ ನಾಲ್ವರು ನಾಲ್ಕು ಕಪಾಟು ತೋರಿಸಿದರೆ ಆ ದಿನದ ಪಾಠ ಅಲ್ಲಿಗೇ ಸಾರ್ಥಕ.

ಸಿಮ್ಯುಲೇಟರ್: ಗಂಟೆ ಲೆಕ್ಕ ಬೇಡ

ಪಕ್ಕದಲ್ಲಿ ನಿಲ್ಲುವ ಕಾಲದಲ್ಲೇ ಸಿಮ್ಯುಲೇಟರ್ ಶುರುವಾಗಲಿ. ಬಹಳಷ್ಟು ಆಸ್ಪತ್ರೆಗಳಲ್ಲಿ ಅದು ಅದೇ ಕನ್ಸೋಲಿಗೆ ಜೋಡಿಸಿದ ಪೆಟ್ಟಿಗೆ. ಹಗಲು ಯಂತ್ರ ಬಿಡುವಾಗುವುದಿಲ್ಲ, ಹಾಗಾಗಿ ಸಂಜೆ ಪಾಳಿಯ ತಂತ್ರಜ್ಞರೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಿ. ಯಂತ್ರ ಆರಿಸಿ ಬೀಗ ಹಾಕುವ ಹೊತ್ತಿಗೆ ಬಂದು ಅಂಗಲಾಚುವ ಫೆಲೋವನ್ನು ಯಾರೂ ಪ್ರೀತಿಸುವುದಿಲ್ಲ.

ಇಷ್ಟು ಗಂಟೆ ಮಾಡಿ ಬನ್ನಿ ಎಂದು ಹೇಳಬೇಡಿ. ಗುರಿಯ ಅಂಕ ಹೇಳಿ. ನೀವು, ನಿಮ್ಮಂಥ ಇನ್ನಿಬ್ಬರು ಅನುಭವಿಗಳು ಅದೇ ಅಭ್ಯಾಸವನ್ನು ಮಾಡಿ ಪಡೆದ ಸರಾಸರಿಯೇ ಗುರಿ. ಅದನ್ನು ಒಂದರ ಹಿಂದೆ ಒಂದರಂತೆ ಎರಡು ಸಲ ಮುಟ್ಟಿದವರು ಮುಂದಿನ ಅಭ್ಯಾಸಕ್ಕೆ ಹೋಗಲಿ. ಬೆಲ್ಜಿಯಂನ ಓರ್ಸಿ ಅಕಾಡೆಮಿಯಲ್ಲಿ ಕಿರಿಯ ವೈದ್ಯರನ್ನು ಎರಡು ಗುಂಪು ಮಾಡಿ ನೋಡಿದ್ದಾರೆ. ಗುರಿ ಮುಟ್ಟುವ ತನಕ ಮುಂದೆ ಬಿಡದ ಗುಂಪು ಎಂದಿನಂತೆ ಕಲಿತ ಗುಂಪಿಗಿಂತ ಹೊಲಿಗೆಯಲ್ಲಿ ತೀರಾ ಕಡಿಮೆ ತಪ್ಪು ಮಾಡಿತು. ಕೆಲವರಿಗೆ ವಾರ ಸಾಕು, ಕೆಲವರಿಗೆ ತಿಂಗಳು ಬೇಕು. ತಿಂಗಳು ತೆಗೆದುಕೊಂಡವರೇ ಆಮೇಲೆ ರೋಗಿಯ ಮೇಲೆ ಹೆಚ್ಚು ಸಂಯಮ ತೋರಿಸಿದ್ದನ್ನು ನಾನು ನೋಡಿದ್ದೇನೆ.

ಸಿಮ್ಯುಲೇಟರಿನ ಪೆಗ್ ಬೋರ್ಡ್, ರಿಂಗ್ ವಾಕ್‌ನಂಥ ಅಭ್ಯಾಸಗಳು ಆಟದಂತೆ ಕಾಣುತ್ತವೆ. ಅವುಗಳಿಂದ ನಿಜವಾಗಿ ಬರಬೇಕಾದದ್ದು ಎರಡು ಅಭ್ಯಾಸ. ಒಂದು, ಕ್ಲಚ್ (ಉಪಕರಣ ಅಲುಗದಂತೆ ಕೈ ಮಾತ್ರ ಸರಿಸಲು ಬಿಡುವ ಗುಂಡಿ) ಒತ್ತಿ ಕೈಗಳನ್ನು ಮತ್ತೆ ಮಧ್ಯಕ್ಕೆ ತರುವುದು. ಮೊಣಕೈ ಅಗಲಿಸಿ ಕನ್ಸೋಲಿನ ಅಂಚಿಗೆ ಕೈ ತಾಗಿಸಿಕೊಂಡು ಒದ್ದಾಡುವವರು ಕ್ಲಚ್ ಮರೆತವರು. ಎರಡು, ಕ್ಯಾಮೆರಾವನ್ನು ಬೇಕಾದಷ್ಟು ಸಲ ಸರಿಸುವುದು. ಕಲಿಯುವವರು ಉಪಕರಣ ಚೌಕಟ್ಟಿನಿಂದ ಹೊರಗೆ ಹೋದರೂ ಕ್ಯಾಮೆರಾ ಮುಟ್ಟುವುದಿಲ್ಲ. ಕಣ್ಣಿಗೆ ಕಾಣದ ಉಪಕರಣ ಕರುಳನ್ನು ಹರಿದರೂ ಯಾರಿಗೂ ಗೊತ್ತಾಗದು. ಈ ಎರಡನ್ನು ನೋಡದೆ ಒಟ್ಟು ಅಂಕ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ.

ಕುಳಿತುಕೊಳ್ಳುವುದನ್ನೂ ಕಲಿಸಿ. ನನ್ನ ಎತ್ತರ ಐದು ಅಡಿ ಒಂದು ಅಂಗುಲ. ನನ್ನ ನಂತರ ಬರುವ ಆರಡಿಯ ಫೆಲೋ ನನ್ನದೇ ಅಳತೆಯ ಕನ್ಸೋಲಿನಲ್ಲಿ ಬೆನ್ನು ಬಾಗಿಸಿ ಗಂಟೆಗಟ್ಟಲೆ ಕೂರುತ್ತಾರೆ, ಕೇಳಿದರೆ “ಪರವಾಗಿಲ್ಲ ಮೇಡಂ” ಎನ್ನುತ್ತಾರೆ. ಕಣ್ಣಿನ ಎತ್ತರ, ಮೊಣಕೈಯ ಆಸರೆ, ಪೆಡಲಿನ ದೂರ ಎಲ್ಲವನ್ನೂ ಅವರವರ ಹೆಸರಿನಲ್ಲಿ ಯಂತ್ರದಲ್ಲಿ ಉಳಿಸಿಡಬಹುದು. ಮೊದಲ ದಿನವೇ ಉಳಿಸಿಡಿ.

ಕೋಳಿಯ ಜಠರ

ಸಿಮ್ಯುಲೇಟರಿನ ದಾರ ನಿಜವಾದ ದಾರದಂತೆ ಗಂಟು ಬೀಳುವುದಿಲ್ಲ, ಸಿಕ್ಕುವುದಿಲ್ಲ, ಕಿತ್ತು ಹೋಗುವುದಿಲ್ಲ. ಅದಕ್ಕೇ ಕೋಳಿ. ಕೋಳಿಯ ಅನ್ನನಾಳ ಮತ್ತು ಜಠರ ಸೇರುವ ಭಾಗವನ್ನು ಕತ್ತರಿಸಿ ಮತ್ತೆ ಜೋಡಿಸುವುದು ಮೂತ್ರಕೋಶವನ್ನು ಮೂತ್ರನಾಳಕ್ಕೆ ಹೊಲಿಯುವುದಕ್ಕೆ ಬಹಳ ಹತ್ತಿರ. ಯುರೋಪಿನ ತರಬೇತಿ ಕೇಂದ್ರಗಳಲ್ಲಿ ಇದು ಒಪ್ಪಿತ ಮಾದರಿ, ನಮ್ಮಲ್ಲಂತೂ ಬೆಳಗಿನ ಕೋಳಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಅಂಗಡಿಯವರಿಗೆ ಸ್ವಚ್ಛ ಮಾಡಿ ಕೊಡಬೇಡಿ, ಕೊರಳಿನಿಂದ ಜಠರದವರೆಗೆ ಒಂದೇ ತುಂಡಾಗಿ ಬೇಕು ಎಂದು ಹಿಂದಿನ ದಿನವೇ ಹೇಳಬೇಕು. ಮೂತ್ರಪಿಂಡದ ಒಂದು ಭಾಗ ಕತ್ತರಿಸಿ ಹೊಲಿಯುವ ಅಭ್ಯಾಸಕ್ಕೆ ಕುರಿಯ ಮೂತ್ರಪಿಂಡ ಆದೀತು, ಹಂದಿಯದು ಸಿಕ್ಕರೆ ಗಾತ್ರಕ್ಕೆ ಇನ್ನೂ ಒಳ್ಳೆಯದು.

ಒಂದು ಕಟ್ಟುನಿಟ್ಟು: ಪ್ರಾಣಿ ಅಂಗಾಂಶಕ್ಕೆ ಬಳಸಿದ ಉಪಕರಣ ಮತ್ತೆಂದೂ ರೋಗಿಯ ಕಡೆಗೆ ಹೋಗಬಾರದು. ಅವಕ್ಕೆ ಬೇರೆ ಪೆಟ್ಟಿಗೆ, ಬೇರೆ ಬಣ್ಣದ ಪಟ್ಟಿ, ಬೇರೆ ಬೀಗ ಇರಲಿ.

ಇಲ್ಲಿಯೇ ಮುಟ್ಟದೆ ಮುಟ್ಟುವುದನ್ನು ಕಲಿಸಬೇಕು. ಬೆರಳಿಗೆ ಬಲದ ಅರಿವು ಕೊಡುವ ಯಂತ್ರ ಡಾ ವಿಂಚಿ ಸಾಲಿನಲ್ಲಿ ಬಂದದ್ದು ಇತ್ತೀಚೆಗೆ, 2024ರಲ್ಲಿ ಅನುಮತಿ ಪಡೆದ ಐದನೆಯ ಮಾದರಿಯಲ್ಲಿ. ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಇರುವುದು ಅದಕ್ಕಿಂತ ಹಿಂದಿನವು. ಅವುಗಳಲ್ಲಿ ಎಷ್ಟು ಎಳೆಯುತ್ತಿದ್ದೇವೆ ಎಂಬುದು ಕೈಗೆ ತಿಳಿಯುವುದೇ ಇಲ್ಲ, ಕಣ್ಣಿಗೆ ಮಾತ್ರ ತಿಳಿಯುತ್ತದೆ. ಹಿಡಿದ ಅಂಗಾಂಶ ಬಿಳಿಚಿಕೊಂಡರೆ ಹಿಡಿತ ಹೆಚ್ಚಾಯಿತು. ಸೂಜಿ ಹೊಕ್ಕಲ್ಲಿ ಅಂಗಾಂಶ ಗುಡಾರದಂತೆ ಎದ್ದರೆ ಕೋನ ತಪ್ಪಿತು. ದಾರದ ಸುರುಳಿ ಬಿಚ್ಚಿ ನೇರವಾಗಿ, ಹೊಳಪು ಬದಲಾಯಿತೆಂದರೆ ಇನ್ನು ಎಳೆಯಬಾರದು. ಫೆಲೋಗೆ ತೆಳುವಾದ 6-0 ದಾರ ಮತ್ತು ಹಳೆಯ ಕೈಗವಸಿನ ಒಂದು ಚೂರು ಕೊಡಿ. ದಾರ ಕಿತ್ತು ಹೋಗದಂತೆ, ರಬ್ಬರ್ ಹರಿಯದಂತೆ ಸಾಲಾಗಿ ಗಂಟು ಹಾಕಲಿ. ಮೊದಮೊದಲು ಎಲ್ಲವೂ ಕಿತ್ತು ಬರುತ್ತದೆ. ಆಮೇಲೆ ಒಂದು ದಿನ ಕಣ್ಣು ಕೈಯ ಕೆಲಸವನ್ನು ವಹಿಸಿಕೊಳ್ಳುತ್ತದೆ. ಆ ದಿನ ಬರುವವರೆಗೆ ರೋಗಿಯ ಹೊಲಿಗೆ ಕೊಡಬೇಡಿ.

ಹಂತಗಳನ್ನು ಹಂಚುವುದು

ಮೊದಲ ರೋಗಿಗಳನ್ನು ಆರಿಸುವಾಗ ಜಿಪುಣರಾಗಿ. ತೀರಾ ದಪ್ಪ ಇಲ್ಲದವರು, ಗ್ರಂಥಿ ಮಧ್ಯಮ ಗಾತ್ರದ್ದು, ಮೂತ್ರಕೋಶದೊಳಗೆ ಚಾಚಿದ ಮಧ್ಯದ ಹಾಲೆ ಇಲ್ಲದ್ದು, ಹಿಂದೆ ಪ್ರಾಸ್ಟೇಟ್ ಕೆರೆದು ತೆಗೆಸಿಕೊಳ್ಳದವರು, ಹರ್ನಿಯಾಕ್ಕೆ ಜಾಲರಿ ಹಾಕಿಸಿಕೊಳ್ಳದವರು. ಒಪ್ಪಿಗೆ ಪಡೆಯುವಾಗ ಫೆಲೋ ಪಾಲ್ಗೊಳ್ಳುತ್ತಾರೆ, ನಾನು ಆರಂಭದಿಂದ ಅಂತ್ಯದವರೆಗೆ ಕೋಣೆಯಲ್ಲೇ ಇರುತ್ತೇನೆ ಎಂದು ರೋಗಿಗೂ ಮನೆಯವರಿಗೂ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಬೇಡ ಎಂದವರು ನನಗೆ ಬಹಳ ಕಡಿಮೆ ಸಿಕ್ಕಿದ್ದಾರೆ. ಬೇಡ ಎಂದರೆ ಬೇಡ, ಅಷ್ಟೇ.

ಮೊದಲು ಬಿಟ್ಟುಕೊಡುವ ಹಂತ ಮೂತ್ರಕೋಶವನ್ನು ಹೊಟ್ಟೆಯ ಮುಂಗೋಡೆಯಿಂದ ಬಿಡಿಸಿ ಕೆಳಗಿಳಿಸುವುದು. ರಕ್ತ ಕಡಿಮೆ, ಜಾಗ ವಿಶಾಲ, ಎರಡೂ ಕೈಗಳನ್ನು ಬಳಸಿ ಎಳೆದು ಕತ್ತರಿಸುವ ಲಯ ಇಲ್ಲಿ ಬರುತ್ತದೆ. ಅದರ ಜೊತೆಗೇ ಗ್ರಂಥಿಯ ಮೇಲಿನ ಕೊಬ್ಬು ತೆಗೆಯುವುದು, ಸೊಂಟದೊಳಗಿನ ಪೊರೆ ಸೀಳುವುದು. ಇದು ಸಲೀಸಾದ ಮೇಲೆ ನಡುವಿನದ್ದೆಲ್ಲವನ್ನೂ ಹಾರಿಸಿ ಕೊನೆಯ ಭಾಗಕ್ಕೆ ಬನ್ನಿ: ಮೂತ್ರಕೋಶವನ್ನು ಮೂತ್ರನಾಳಕ್ಕೆ ಜೋಡಿಸುವ ಹೊಲಿಗೆ.

ಈ ಹಾರುವಿಕೆ ಹೊಸಬರಿಗೆ ವಿಚಿತ್ರ ಎನಿಸುತ್ತದೆ. ಕಾರಣ ಸರಳ. ಹೊಲಿಗೆ ಸರಿ ಬರದಿದ್ದರೆ ಬಿಚ್ಚಿ ಮತ್ತೆ ಹಾಕಬಹುದು. ಮುಗಿಸಿದ ಮೇಲೆ ಮೂತ್ರಕೋಶಕ್ಕೆ ನೀರು ತುಂಬಿಸಿ ಸೋರುತ್ತದೆಯೇ ಎಂದು ಅಲ್ಲೇ ನೋಡಬಹುದು. ನರದ ಕಟ್ಟನ್ನು ಒಮ್ಮೆ ಸುಟ್ಟರೆ ಅಂಥ ಎರಡನೇ ಅವಕಾಶ ಇಲ್ಲ.

ಹೊಲಿಗೆಯೊಳಗೂ ಮೆಟ್ಟಿಲುಗಳಿವೆ. ಎರಡು ಬಣ್ಣದ 3-0 ದಾರಗಳ ತುದಿಗಳನ್ನು ಗಂಟು ಹಾಕಿ, ಕೆಳಗಿನ ಮಧ್ಯದಿಂದ ಎರಡೂ ಬದಿಗೆ ಸುತ್ತುತ್ತಾ ಮೇಲೆ ಬಂದು ಸೇರಿಸುವ ವಿಧಾನ ವಾನ್ ವೆಲ್ಥೋವನ್ ಅವರು 2003ರಲ್ಲಿ ಪ್ರಕಟಿಸಿದ್ದು. ಈಗ ಮುಳ್ಳುದಾರ (ಹಿಂದಕ್ಕೆ ಜಾರದಂತೆ ಸಣ್ಣ ಮುಳ್ಳುಗಳಿರುವ ದಾರ) ಬಂದಿದ್ದರೂ ನಾನು ಮೊದಲು ಮೊನೊಕ್ರಿಲ್ ಎಂಬ ನುಣುಪು ದಾರದಲ್ಲೇ ಕಲಿಸುತ್ತೇನೆ. ಮುಳ್ಳುದಾರ ತಪ್ಪನ್ನು ಮರೆಮಾಚುತ್ತದೆ, ಬಿಚ್ಚಲೂ ಬಿಡುವುದಿಲ್ಲ. ಗಡಿಯಾರದ ಲೆಕ್ಕದಲ್ಲಿ 9ರಿಂದ 12, 3ರಿಂದ 12 ಸುಲಭ, ಅದನ್ನು ಮೊದಲು ಕೊಡಿ. 5ರಿಂದ 7ರವರೆಗಿನ ಹಿಂಗೋಡೆ ನಿಮ್ಮದು, ಅದು ಆಮೇಲೆ. ಸೂಜಿಯನ್ನು ಮೂರನೇ ಎರಡು ಭಾಗದಲ್ಲಿ ಹಿಡಿಯಲಿ, ಮಣಿಕಟ್ಟನ್ನು ತಿರುಗಿಸಿ ಸೂಜಿಯ ಬಾಗಿಗೆ ತಕ್ಕಂತೆ ದಾಟಿಸಲಿ, ದೂಡದಿರಲಿ. ಮೂತ್ರನಾಳದ ಬಾಯಿ ಒಳಗೆ ಸರಿದಿದ್ದರೆ ಪಕ್ಕದ ಸಹಾಯಕರು ಕೆಳಗಿನಿಂದ ಒತ್ತಿ ಕೊಡಬೇಕು, ಕ್ಯಾಥೆಟರಿನ ತುದಿಯನ್ನು ಹೊರಗೆ ಒಳಗೆ ಮಾಡಿ ಬಾಯಿ ತೋರಿಸಬೇಕು. ಪಕ್ಕದಲ್ಲಿ ನಿಂತು ಬಂದವರಿಗೆ ಇದನ್ನು ಕೇಳಲು ಯಾರೂ ಹೇಳಿಕೊಡಬೇಕಾಗಿಲ್ಲ. ಮೂತ್ರನಾಳದ ಕಡೆ ಹಿಡಿಯುವ ಹಲ್ಲಿನ ಉಪಕರಣವನ್ನು ತರುವ ಫೆಲೋವನ್ನು ತಕ್ಷಣ ನಿಲ್ಲಿಸಿ.

ಆಮೇಲೆ ವೀರ್ಯಕೋಶಗಳನ್ನು ಬಿಡಿಸುವುದು, ದುಗ್ಧ ಗ್ರಂಥಿಗಳನ್ನು ತೆಗೆಯುವುದು. ಎರಡನೆಯದರಲ್ಲಿ ದೊಡ್ಡ ಅಭಿಧಮನಿ ಮತ್ತು ತೊಡೆಯ ಒಳಭಾಗಕ್ಕೆ ಹೋಗುವ ಆಬ್ಚುರೇಟರ್ ನರ ಪಕ್ಕದಲ್ಲೇ ಇರುವುದರಿಂದ ಆ ನರ ಕಣ್ಣಿಗೆ ಬೀಳುವ ತನಕ ಕತ್ತರಿ ಕೊಡಬೇಡಿ. ಬಳಿಕ ಮೂತ್ರಕೋಶದ ಕೊರಳು: ಮುಂಭಾಗ ಮೊದಲು, ಹಿಂಭಾಗ ನಂತರ. ಹಿಂಭಾಗದಲ್ಲಿ ಗ್ರಂಥಿಯೊಳಕ್ಕೆ ನುಗ್ಗುವುದೂ ಉಂಟು, ಮೇಲೆ ಸರಿದು ಯುರೆಟರುಗಳ (ಮೂತ್ರಪಿಂಡದಿಂದ ಮೂತ್ರ ತರುವ ಕೊಳವೆಗಳ) ಬಾಯಿಯ ಹತ್ತಿರ ಹೋಗುವುದೂ ಉಂಟು. ಇಲ್ಲಿ ಕಲಿಯುವವರು ಅತಿ ಹೆಚ್ಚು ಕಾಲ ಸಿಕ್ಕಿಕೊಳ್ಳುತ್ತಾರೆ, ನಿಮ್ಮ ತಾಳ್ಮೆಯೂ ಇಲ್ಲೇ ಹೆಚ್ಚು ಸವೆಯುತ್ತದೆ.

ಕಟ್ಟಕಡೆಗೆ ಮೂರು: ಗ್ರಂಥಿಗೆ ರಕ್ತ ತರುವ ನಾಳಗಳ ಬುಡ, ನರಗಳ ಕಟ್ಟು, ಗ್ರಂಥಿಯ ತುದಿ. ತುದಿಯಲ್ಲಿ ಒಂದೆರಡು ಮಿಲಿಮೀಟರ್ ಒಳಗೆ ಬಂದರೆ ಕ್ಯಾನ್ಸರ್ ಉಳಿಯಬಹುದು, ಹೊರಗೆ ಹೋದರೆ ಮೂತ್ರ ಹಿಡಿಯುವ ಸ್ನಾಯುವಿಗೆ ಪೆಟ್ಟು. ಇಲ್ಲಿ ಫೆಲೋ ಮೊದಲು ಕೂರಬೇಕಾದದ್ದು, ಬೇರೆ ಕಾರಣದಿಂದ ನರ ಉಳಿಸುವ ಪ್ರಶ್ನೆಯೇ ಇಲ್ಲದ ರೋಗಿಯಲ್ಲಿ. ನರ ಉಳಿಸುವ ಕೆಲಸವನ್ನು ಒಂದು ಬದಿ ನೀವು ಮಾಡಿ ತೋರಿಸಿ, ಇನ್ನೊಂದು ಬದಿ ಅವರಿಗೆ ಬಿಡುವುದು ಚೆನ್ನಾಗಿ ಕಾಣುವ ಯೋಜನೆ. ನಾನು ಅದನ್ನು ಫೆಲೋಶಿಪ್ಪಿನ ಕೊನೆಯ ತಿಂಗಳುಗಳವರೆಗೆ ಮಾಡುವುದಿಲ್ಲ. ಕೆಲವರಿಗೆ ಮಾಡುವುದೇ ಇಲ್ಲ.

ಪ್ರತಿ ಹಂತಕ್ಕೂ ಸಮಯದ ಗಡಿ ಹಾಕಿ, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೇಳಿಡಿ. ನಾನು 20 ನಿಮಿಷ ಕೊಡುತ್ತೇನೆ. ಮುಗಿಯದಿದ್ದರೆ ಜಾಗ ಬದಲು, ಮಾತಿಲ್ಲ. ಮುಂಚೆಯೇ ಹೇಳಿದ್ದರೆ ಅದು ಅವಮಾನವಾಗುವುದಿಲ್ಲ. ಉಪಕರಣಗಳ ಲೆಕ್ಕವೂ ಇದೆ. ಪ್ರತಿ ಉಪಕರಣಕ್ಕೂ ಬಳಕೆಯ ಸಂಖ್ಯೆ ನಿಗದಿಯಾಗಿರುತ್ತದೆ, ಹಳೆಯವುಗಳಿಗೆ ಹತ್ತು ಸಲ. ಕಲಿಸುವ ನೆಪದಲ್ಲಿ ಹೊಸದೊಂದನ್ನು ಬಿಚ್ಚಿದರೆ ಅದು ಯಾರದೋ ಬಿಲ್ಲಿಗೆ ಸೇರುತ್ತದೆ. ಒಂದೇ ನೀಡಲ್ ಡ್ರೈವರಿನಲ್ಲಿ (ಸೂಜಿ ಹಿಡಿಯುವ ಉಪಕರಣದಲ್ಲಿ) ಹೊಲಿಯಲು ಕಲಿಸಿ, ಬರುತ್ತದೆ.

ಮೂತ್ರಪಿಂಡದ ಭಾಗಶಃ ಶಸ್ತ್ರಚಿಕಿತ್ಸೆಯಲ್ಲಿಯೂ ತತ್ವ ಇದೇ. ರಕ್ತನಾಳಕ್ಕೆ ಚಿಮಟ ಬಿದ್ದ ಕ್ಷಣದಿಂದ ಗಡಿಯಾರ ಓಡುತ್ತದೆ, ಆದ್ದರಿಂದ ಆ ನಡುಭಾಗ ಕೊನೆಗೆ. ಫೆಲೋ ಮೊದಲ ಬಾರಿಗೆ ಪೂರ್ತಿ ಶಸ್ತ್ರಚಿಕಿತ್ಸೆ ಮಾಡಲು ನನ್ನ ಆಯ್ಕೆ ಪೈಲೋಪ್ಲಾಸ್ಟಿ, ಅಂದರೆ ಮೂತ್ರಪಿಂಡದಿಂದ ಮೂತ್ರ ಹೊರಬರುವಲ್ಲಿನ ತಡೆಯನ್ನು ಸರಿಪಡಿಸುವುದು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿಯುವ ಭಯವಿಲ್ಲ, ಬಿಡಿಸುವುದೂ ಹೊಲಿಯುವುದೂ ಎರಡೂ ಇದೆ.

ಬಾಯಿ, ಮತ್ತು ಕೈ ವಾಪಸ್ ತೆಗೆದುಕೊಳ್ಳುವುದು

ಎರಡು ಕನ್ಸೋಲ್ ಇರುವ ಆಸ್ಪತ್ರೆ ಪುಣ್ಯವಂತರದು. ನಮ್ಮಂಥವರಿಗೆ ಇರುವುದು ಒಂದು ಕನ್ಸೋಲ್, ಒಂದು ಪರದೆ, ಆ ಪರದೆಯ ಮೇಲೆ ಬೆರಳಿನಿಂದ ಗೆರೆ ಎಳೆಯುವ ಸೌಲಭ್ಯ, ಮತ್ತು ಬಾಯಿ. ಆದ್ದರಿಂದ ಮಾತು ಮೊದಲೇ ಗೊತ್ತಾಗಿರಬೇಕು. “ನಿಲ್ಲಿ” ಎಂದರೆ ಎರಡೂ ಕೈ ಸ್ತಬ್ಧ, ಕಾಲು ಪೆಡಲಿನಿಂದ ಹೊರಗೆ, ಉಪಕರಣ ಇದ್ದಲ್ಲೇ. “ಬಿಡಿ” ಎಂದರೆ ಹಿಡಿತ ಮಾತ್ರ ಸಡಿಲ, ಕೈ ಹಿಂದಕ್ಕೆ ಎಳೆಯುವುದಲ್ಲ. “ಹುಷಾರು” ಎನ್ನಬೇಡಿ. ಅದು ಹೆದರಿಸುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ. “ಎಡಗೈ ಮೇಲೆತ್ತಿ, ಕತ್ತರಿಯನ್ನು ಗ್ರಂಥಿಯ ಕಡೆ ತಿರುಗಿಸಿ” ಎನ್ನಿ. ಕತ್ತರಿಸುವ ಮುಂಚೆ ಅವರೂ ಬಾಯಿಬಿಟ್ಟು ಹೇಳಲಿ: “ಇದು ಪೊರೆ, ಇದರ ಹಿಂದೆ ಕೊಬ್ಬು ಕಾಣುತ್ತಿದೆ, ಕತ್ತರಿಸುತ್ತಿದ್ದೇನೆ ಮೇಡಂ.” ಹೇಳಲಾಗದವರಿಗೆ ಕಾಣುತ್ತಿಲ್ಲ.

ರಕ್ತ ಚಿಮ್ಮಿದಾಗ ಕನ್ಸೋಲಿಗೆ ಓಡಬೇಡಿ. ಜಾಗ ಬದಲಾಯಿಸುವ ಆ ಅರ್ಧ ನಿಮಿಷ ಯಾರ ಕೈಯೂ ಉಪಕರಣದ ಮೇಲಿರುವುದಿಲ್ಲ. ಮೊದಲು ಅವರಿಂದಲೇ ಒತ್ತಿ ಹಿಡಿಸಿ, ಅನಿಲದ ಒತ್ತಡ ಸ್ವಲ್ಪ ಏರಿಸಲು ಹೇಳಿ, ಸಹಾಯಕರು ಹೀರುಕೊಳವೆ ತರಲಿ, ಆಮೇಲೆ ಬದಲಾಯಿಸಿ.

ಮತ್ತೆ, ಕೋಣೆ ಬಿಟ್ಟು ಹೋಗಬೇಡಿ. 2015ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರೋಬಾಟ್ ನೆರವಿನ ಹೃದಯ ಕವಾಟದ ಶಸ್ತ್ರಚಿಕಿತ್ಸೆಯ ನಂತರ ರೋಗಿಯೊಬ್ಬರು ತೀರಿಕೊಂಡರು. ಮಾರ್ಗದರ್ಶನಕ್ಕೆ ಬಂದಿದ್ದ ತಜ್ಞರು ನಡುವೆಯೇ ಹೊರಟುಹೋಗಿದ್ದರು ಎಂಬುದು 2018ರ ಮರಣ ವಿಚಾರಣೆಯಲ್ಲಿ ಹೊರಬಂತು. ಅಂಗ ಬೇರೆ, ಪಾಠ ನಮ್ಮದೇ. ನನ್ನ ಒ.ಪಿ.ಡಿ. ಯಾವ ದಿನ ಇದೆಯೋ ಆ ದಿನ ಫೆಲೋಗೆ ಕನ್ಸೋಲ್ ಇಲ್ಲ.

ಅಂಕ, ವಿಡಿಯೊ, ಫೋನ್

ಪ್ರತಿ ಶಸ್ತ್ರಚಿಕಿತ್ಸೆಯ ವಿಡಿಯೊ ಇಟ್ಟುಕೊಳ್ಳಿ, ರೋಗಿಯ ಹೆಸರು ಮತ್ತು ಸಂಖ್ಯೆ ಅಳಿಸಿ. ಪೂರ್ತಿ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಫೆಲೋ ತಾವು ಮಾಡಿದ ಹಂತದ ಹತ್ತು ನಿಮಿಷ ಆರಿಸಿ ತರಲಿ. ಚೆನ್ನಾಗಿ ಬಂದದ್ದನ್ನೇ ತರುತ್ತಾರೆ, ಆದ್ದರಿಂದ ಎರಡನೇ ಸಲ ತುಣುಕು ನೀವೇ ಆರಿಸಿ. ಅಂಕಕ್ಕೆ 2012ರಲ್ಲಿ ಬಂದ ಗೇರ್ಸ್ ಎಂಬ ಅಳತೆ ಸಾಕು: ಆಳದ ಅಂದಾಜು, ಎರಡು ಕೈಗಳ ಹೊಂದಾಣಿಕೆ, ದಕ್ಷತೆ, ಬಲದ ಹದ, ಸ್ವಾವಲಂಬನೆ, ಯಂತ್ರದ ಮೇಲಿನ ಹಿಡಿತ. ಆರಕ್ಕೂ ಐದೈದು ಅಂಕ, ಒಟ್ಟು 30. ಒಟ್ಟು ಮೊತ್ತಕ್ಕಿಂತ ಬಲದ ಹದದ ಸಾಲನ್ನು ನಾನು ಮೊದಲು ನೋಡುತ್ತೇನೆ. ಆ ಒಂದರಲ್ಲಿ ಏರಿಕೆ ಇಲ್ಲದಿದ್ದರೆ ಮತ್ತೆ ಕೈಗವಸು ಮತ್ತು 6-0 ದಾರ.

ಇಷ್ಟು ಕೇಸ್ ಆದರೆ ಕಲಿತಂತೆ ಎನ್ನುವ ಸಂಖ್ಯೆಗಳನ್ನು ನಾನು ನಂಬುವುದಿಲ್ಲ. ಎಲ್ಲ ಹಂತಗಳನ್ನೂ ಬೇರೆಬೇರೆಯಾಗಿ ಗಡಿಯೊಳಗೆ ಮಾಡಿದವರು, ಒಂದು ಪೂರ್ತಿ ಶಸ್ತ್ರಚಿಕಿತ್ಸೆಯನ್ನು ನಾನು ಬಾಯಿ ಮುಚ್ಚಿಕೊಂಡು ಕೂತಾಗಲೂ ಮುಗಿಸಿದವರು, ಅದರ ವಿಡಿಯೊವನ್ನು ನಮ್ಮ ಆಸ್ಪತ್ರೆಯವರಲ್ಲದ ಇಬ್ಬರು ನೋಡಿ ಒಪ್ಪಿದವರು: ಅವರಿಗೆ ಸಹಿ ಹಾಕುತ್ತೇನೆ.

ಸಹಿಗೆ ಮುಂಚೆ ಇನ್ನೊಂದು ಕೆಲಸ ಅಭ್ಯಾಸವಾಗಿರಬೇಕು. ಕೈಹಾಕಿದ ಪ್ರತಿ ರೋಗಿಗೂ ಮೂರು ತಿಂಗಳಿಗೆ ಫೆಲೋ ತಾವೇ ಫೋನ್ ಮಾಡಲಿ. ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ, ರಾತ್ರಿ ಒದ್ದೆಯಾಗುತ್ತದೆಯೇ, ಕೆಮ್ಮಿದಾಗ, ಬಸ್ಸಿನಿಂದ ಇಳಿಯುವಾಗ ಹೇಗೆ ಎಂದು ಕೇಳಲಿ. “ಚೆನ್ನಾಗಿದ್ದೀರಾ?” ಎಂದು ಕೇಳಿದರೆ “ಚೆನ್ನಾಗಿದ್ದೇನೆ ಡಾಕ್ಟ್ರೇ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಿಮಿರುವಿಕೆಯ ವಿಷಯವನ್ನು ಮನೆಯವರ ಎದುರು ಯಾರೂ ಹೇಳುವುದಿಲ್ಲ, ಒಬ್ಬರೇ ಇರುವ ಹೊತ್ತು ಯಾವುದೆಂದು ಮೊದಲು ಕೇಳಿಕೊಳ್ಳಬೇಕು. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಮೇಲೆ ಕಣ್ಣಿಡುವ ರಕ್ತಪರೀಕ್ಷೆ) ಎಷ್ಟು ಬಂತು, ಅಂಚಿನಲ್ಲಿ ಕ್ಯಾನ್ಸರ್ ಇತ್ತೇ, ಇದ್ದರೆ ಯಾವ ಜಾಗದಲ್ಲಿ, ಆ ಜಾಗದಲ್ಲಿ ಅಂದು ಕನ್ಸೋಲ್ ಮೇಲೆ ಯಾರಿದ್ದರು, ಇಷ್ಟೂ ಒಂದೇ ಸಾಲಿನಲ್ಲಿ ನೋಟ್‌ಬುಕ್ಕಿನಲ್ಲಿ ಬರಲಿ. ಸಹಿ ಹಾಕಿದ ಮೇಲೂ ಆ ಪುಸ್ತಕವನ್ನು ಆರು ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಡಿ. ಗ್ರಂಥಿಯ ತುದಿಯಲ್ಲೇ ಪದೇಪದೇ ಅಂಚು ಕೆಟ್ಟು ಬರುತ್ತಿದ್ದರೆ, ಅವರು ಈಗ ಬೇರೆ ಊರಿನಲ್ಲಿ ಕನ್ಸಲ್ಟೆಂಟ್ ಆಗಿದ್ದರೂ ಸರಿ, ವಿಡಿಯೊಗಳನ್ನು ತರಿಸಿಕೊಂಡು ಆ ಒಂದು ಹಂತವನ್ನು ಮತ್ತೆ ಮೊದಲಿನಿಂದ ಮಾಡಿಸಿ.